14 ಮಹಡಿ 9 ಆದದ್ದರ ಬಗ್ಗೆ, ಮನೆ ಬುಕ್ ಮಾಡಿದವರಿಗೆ

ಆತ್ಮೀಯರೇ,

ಈ ವಿಷಯ ಮೊದಲು ನಮ್ಮ ಬಾಯಿಂದಲೇ ನಿಮಗೆ ತಿಳಿಯಬೇಕಿತ್ತು. ಬೇರೆಯವರಿಂದ ಕೇಳಿ ಗಾಬರಿಯಿಂದ ಫೋನ್ ಮಾಡುವಂತಾಯಿತು. ಅದು ನಮ್ಮ ತಪ್ಪು, ಕ್ಷಮಿಸಿ. ಹೌದು, 14 ಮಹಡಿ ಆಗಬೇಕಿದ್ದ ನಮ್ಮ ಎರಡನೇ ಕಟ್ಟಡ, ಬಿಸಿಲು ಹೋಗುತ್ತದೆಂಬ ಅಕ್ಕಪಕ್ಕದವರ ಆಕ್ಷೇಪದಿಂದಾಗಿ 9 ಮಹಡಿಗೇ ನಿಲ್ಲುತ್ತದೆ. ಮೇಲಿನ 5 ಮಹಡಿಗಳಲ್ಲಿ ಮನೆ ಹಿಡಿದವರಿಗೆ ಕೆಳಗೆ ಉಳಿದಿರುವ ಮನೆಗಳಲ್ಲಿ ಮೊದಲ ಆಯ್ಕೆ. ಬೇಡವೆಂದರೆ ಕಟ್ಟಿದ ಹಣ ಪೂರ್ತಿ ವಾಪಸ್, ಯಾವ ಕಡಿತವೂ ಇಲ್ಲ.

ದಿನಾ ಕೇಳುತ್ತಿರುವ ಮಾತು ಒಂದೇ. "ಅಕ್ಕಪಕ್ಕದವರ ನೆಪ ಹೇಳಿ 5 ಮಹಡಿ ಖರ್ಚು ಉಳಿಸ್ಕೊಂಡ್ರಿ, ನಮಗ್ಯಾಕೆ ಬೆಲೆ ಇಳಿಸಲ್ಲ?" ಈ ಮಾತು ನಿಜಕ್ಕೂ ನೋಯಿಸಿದೆ. ಪೈಲ್‌ಗಳನ್ನು (ಅಡಿಪಾಯದ ಆಳದ ಕಂಬಗಳನ್ನು) ಇಳಿಸಿದ್ದು 14 ಮಹಡಿಯ ಭಾರ ಹೊರಲಿಕ್ಕೆ. ನೆಲದೊಳಗೆ ಹೋದ ಕಬ್ಬಿಣ, ಕಾಂಕ್ರೀಟನ್ನು ಈಗ ಕಿತ್ತು ತರಲಾಗುವುದಿಲ್ಲ. ಮಹಡಿ ಇಳಿಯಿತೆಂದು ಜಾಗಕ್ಕೆ ಕೊಟ್ಟ ಹಣ ಇಳಿಯುವುದಿಲ್ಲ. ಲಿಫ್ಟು, ಬೆಂಕಿ ಆರಿಸುವ ಪಂಪು, ಸಂಪು, ಜನರೇಟರ್ ಎಲ್ಲ ಬೇಕೇ ಬೇಕು. ಸ್ಟ್ರಕ್ಚರಲ್ ಡ್ರಾಯಿಂಗನ್ನು (ಕಂಬ, ತೊಲೆಗಳ ನಕ್ಷೆಯನ್ನು) ಎರಡನೇ ಸಲ ಮಾಡಿಸಿದ್ದೇವೆ. 14 ಮಹಡಿಗೆ ಹಂಚಿಹೋಗಬೇಕಿದ್ದ ಖರ್ಚೆಲ್ಲ 9ರ ಮೇಲೆ ಕೂತಿದೆ. ಸ್ಲ್ಯಾಬ್, ಗೋಡೆ, ಟೈಲ್ಸ್ ಖರ್ಚು ಉಳಿದದ್ದು ನಿಜ, ಆದರೆ ಮಾರಬೇಕಿದ್ದ ಮನೆಗಳೂ ಅದರ ಜೊತೆಗೇ ಹೋದವು. ಇಷ್ಟಾದರೂ ಈ ಹೊರೆಯಲ್ಲಿ ಬಿಡಿಗಾಸನ್ನೂ ನಿಮ್ಮ ಮೇಲೆ ಹಾಕುತ್ತಿಲ್ಲ. ಒಪ್ಪಂದದಲ್ಲಿ ಬರೆದ ಬೆಲೆಯೇ ಬೆಲೆ.

ಪರವಾನಗಿ ಕೈಯಲ್ಲಿತ್ತು, ಮತ್ಯಾಕೆ ಬಗ್ಗಿದಿರಿ ಎಂದವರೂ ಇದ್ದಾರೆ. ನಾವೂ ಮೊದಮೊದಲು ಹಾಗೇ ಅಂದುಕೊಂಡಿದ್ದೆವು. ಚಳಿಗಾಲದ ಒಂದು ಬೆಳಿಗ್ಗೆ, ಕಟ್ಟಡದಿಂದ 55 ಮೀಟರ್ ಆಚೆಗಿರುವ ಮನೆಯ ಅಜ್ಜಿ ನನ್ನನ್ನು ಅಂಗಳಕ್ಕೆ ಕರೆದರು. ಬಟ್ಟೆ ಒಣಹಾಕಿದ ಹಗ್ಗದ ಪಕ್ಕ ನಿಲ್ಲಿಸಿ, "ಈ ಬಿಸಿಲು ಉಳಿಯುತ್ತೇನಪ್ಪ, ನೀನೇ ಹೇಳು" ಎಂದರು. ಉತ್ತರ ಹೊಳೆಯದೆ ಸೈಟಿಗೆ ಬಂದು ಲೆಕ್ಕ ಹಾಕಿದೆ. ಸೂರ್ಯ ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ನೆರಳು ಕಟ್ಟಡದ ಎತ್ತರದ ಸುಮಾರು 1.7 ಪಟ್ಟು ಉದ್ದ ಬೀಳುತ್ತದೆ. 42 ಮೀಟರಿನ 14 ಮಹಡಿ ಎಂದರೆ 70 ಮೀಟರಿಗೂ ಹೆಚ್ಚು, ಅವರ ಅಂಗಳ ದಾಟಿ ಹೋಗುತ್ತದೆ. 27 ಮೀಟರಿನ 9 ಮಹಡಿಯಾದರೆ ಅದೇ ಹೊತ್ತಿಗೆ ನೆರಳು 47 ಮೀಟರಿಗೇ ನಿಲ್ಲುತ್ತದೆ, ಹಗ್ಗದ ಮೇಲಿನ ಬಟ್ಟೆಗೆ ಬಿಸಿಲು ಸಿಗುತ್ತದೆ. ಇದನ್ನು ಹಟಮಾರಿಗಳ ಗಲಾಟೆ ಎನ್ನಲು ನನಗೆ ಮನಸ್ಸು ಬರಲಿಲ್ಲ. ಎತ್ತರದ ಕಟ್ಟಡಗಳು ಬೀದಿಯ ಗಾಳಿ ಬೆಳಕು ನುಂಗುತ್ತಿವೆ ಎಂಬ ಕೂಗಿನಿಂದಲೇ ನ್ಯೂಯಾರ್ಕಿನಲ್ಲಿ 1916ರಷ್ಟು ಹಿಂದೆಯೇ ಕಾನೂನು ಬಂತು. ನಾಳೆ ನೀವು ಹಾಲಿಗೆ, ನೀರಿಗೆ, ಮಕ್ಕಳ ಆಟಕ್ಕೆ ಮುಖ ನೋಡಬೇಕಾದವರೂ ಈ ಅಕ್ಕಪಕ್ಕದವರೇ.

ನಕ್ಷೆ ಬದಲಾದ್ದರಿಂದ ಕೀಲಿಕೈ ಕೊಡುವುದು 5 ತಿಂಗಳು ತಡವಾಗುತ್ತದೆ. ಬಾಡಿಗೆ ಮನೆಯಲ್ಲಿ ಕಾಯುತ್ತಿರುವವರಿಗೆ ಇದು ಎಷ್ಟು ಕಷ್ಟವೆಂದು ಗೊತ್ತು. ಕಟ್ಟಡದ ಗುಣಮಟ್ಟದಲ್ಲಿ ಮಾತ್ರ ಕೂದಲೆಳೆಯಷ್ಟೂ ರಾಜಿಯಿಲ್ಲ, ನಮ್ಮ ಮೊದಲ ಕಟ್ಟಡದಲ್ಲಿ ಇರುವವರನ್ನೇ ಕೇಳಿ ನೋಡಿ. ಈ ಭಾನುವಾರ ಮತ್ತು ಮುಂದಿನ ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ನಾನೇ ಸೈಟಿನಲ್ಲಿರುತ್ತೇನೆ. ಹೊಸ ನಕ್ಷೆಯನ್ನು ಕೂತು ತೋರಿಸುತ್ತೇನೆ, ಬರುವಾಗ ನಿಮ್ಮ ಒಪ್ಪಂದದ ಪ್ರತಿ ತನ್ನಿ.

ನಿಮ್ಮ ವಿಶ್ವಾಸಿ,
ಸಂಸ್ಥೆಯ ಪರವಾಗಿ