ಡ್ರೈವರ್ ಬದಲಾಯಿಸುತ್ತಿದ್ದೇವೆ: ಡೈರಿ ಕಾರ್ಯದರ್ಶಿಗಳಿಗೆ ಪತ್ರ

ಕಾರ್ಯದರ್ಶಿಗಳೇ, ನಮಸ್ಕಾರ.

ಬೆಳಿಗ್ಗೆ ಹಾಲು ಹಾಕುವವರು ಕ್ಯಾನ್ ಹಿಡಿದು ಸಾಲಾಗಿ ನಿಂತಿರುವಾಗ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿತ್ತು. ಅದಕ್ಕೆ ಕಾರಣ ಸಿಕ್ಕಿದೆ. ತಪ್ಪು ನಮ್ಮ ಡ್ರೈವರ್‌ನದು, ಅಂದರೆ ತೂಕವನ್ನು ಕಂಪ್ಯೂಟರ್ ಓದುವಂತೆ ಮಾಡುವ ನಮ್ಮ ಸಾಫ್ಟ್‌ವೇರ್‌ನದು. ತೂಕದ ಯಂತ್ರವನ್ನು ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಡಬ್ಬಿಯ ಡ್ರೈವರನ್ನು ಈ ತಿಂಗಳು ಎಲ್ಲ ಸಂಘಗಳಲ್ಲೂ ಬದಲಾಯಿಸುತ್ತೇವೆ. ಹಣ ಕೊಡಬೇಕಿಲ್ಲ. ಹಳೆಯ ಡ್ರೈವರ್ ಮಾತ್ರ ಎಲ್ಲೂ ಉಳಿಯಬಾರದು.

ಫೋನ್ ಮಾಡಿದ ಹೆಚ್ಚಿನವರು ಕೇಳಿದ್ದು ಒಂದೇ: "ಕರೆಂಟ್ ಸರಿಯಿಲ್ಲ ಅಂದ್ರಿ, ಯುಪಿಎಸ್ ಹಾಕಿಸಿದ್ವಿ. ಆಮೇಲೂ ಹಾಗೇ ಆಯ್ತಲ್ಲ?" ನಿಜ. ಆ ಮಾತು ಹೇಳಿದ್ದಕ್ಕೆ ಕ್ಷಮೆ ಕೇಳುತ್ತೇವೆ. ಕರೆಂಟಿನ ಪಾತ್ರ ಇತ್ತು, ಆದರೆ ಅರ್ಧ ಮಾತ್ರ. ಕಂಪ್ಯೂಟರ್ ಯುಪಿಎಸ್ ಮೇಲಿತ್ತು, ಡಬ್ಬಿಯ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲಿತ್ತು. ಹಾಲಿನ ಕೂಲರ್‌ನ ಕಂಪ್ರೆಸರ್ ಶುರುವಾದಾಗ ವೋಲ್ಟೇಜ್ ಕುಸಿದು, ಡಬ್ಬಿ ಒಂದು ಕ್ಷಣ ಕಳಚಿಕೊಂಡು ಮತ್ತೆ ಸೇರುತ್ತಿತ್ತು. ಅಷ್ಟಕ್ಕೆ ಇಡೀ ಕಂಪ್ಯೂಟರ್ ಬೀಳಬಾರದು. ಬೀಳಿಸಿದ್ದು ನಮ್ಮ ಕೋಡು.

ಡಬ್ಬಿ ಕಳಚಿದಾಗ ಡ್ರೈವರ್ ಅದರ ಮಾಹಿತಿಯನ್ನು ಅಳಿಸಿ, ಅದು ಮೆಮೊರಿಯಲ್ಲಿ ಎಲ್ಲಿದೆ ಎಂದು ತೋರಿಸುವ ಪಾಯಿಂಟರನ್ನು ಖಾಲಿ ಮಾಡುತ್ತದೆ. ಆದರೆ ತೂಕ ಓದುವ ಕೆಲಸವನ್ನು ನಾವು ಅದಕ್ಕೂ ಮೊದಲು ನಿಲ್ಲಿಸಿರಲಿಲ್ಲ. ಸದಸ್ಯರ ಪುಸ್ತಕವನ್ನು ಕಪಾಟಿನಿಂದ ತೆಗೆದ ಮೇಲೂ ಒಬ್ಬರು ಅದರ ಸಾಲು ಓದಲು ಕೈ ಹಾಕಿದ ಹಾಗೆ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಸಾಫ್ಟ್‌ವೇರ್‌ನ ತಿರುಳಾದ ಕರ್ನಲ್‌ನ ದೂರಿನಲ್ಲಿ ಮೆಮೊರಿ ವಿಳಾಸ 0000000000000048 ಎಂದಿತ್ತು. ಇದು ಹದಿನಾರರ ಲೆಕ್ಕದ 48, ನಮ್ಮ ಲೆಕ್ಕದಲ್ಲಿ 72. ಖಾಲಿ ಪಾಯಿಂಟರ್ ಅಂದರೆ ಸೊನ್ನೆ; ಅಲ್ಲಿಂದ 72 ಬೈಟ್ ಆಚೆ ನಮ್ಮ ಯಾವ ಮಾಹಿತಿ ಇರುತ್ತದೆ ಎಂದು ನೋಡಿದೆವು. ತೂಕ! ತಪ್ಪಿನ ಜಾಗ ಅಲ್ಲಿಗೆ ಗೊತ್ತಾಯಿತು.

ಕಳೆದ ಅಪ್‌ಡೇಟ್‌ನಲ್ಲಿ ಪಾಯಿಂಟರ್ ಖಾಲಿಯೇ ಎಂದು ಮೊದಲು ನೋಡುವ ಒಂದು ಸಾಲು ಸೇರಿಸಿ, ಸರಿಯಾಯಿತು ಎಂದುಕೊಂಡಿದ್ದೆವು. ತೊಂದರೆ ಕಡಿಮೆಯಾಯಿತು, ಹೋಗಲಿಲ್ಲ. ನೋಡಿದ್ದಕ್ಕೂ ಓದುವುದಕ್ಕೂ ನಡುವೆ ಅದು ಖಾಲಿಯಾಗಬಹುದಲ್ವಾ? ನಮ್ಮ ಆಫೀಸಿನಲ್ಲಿ ಕೂಲರ್ ಇಲ್ಲ, ಹಾಗಾಗಿ ತಪ್ಪು ಕಾಣುತ್ತಲೇ ಇರಲಿಲ್ಲ. ಕೊನೆಗೆ ಡಬ್ಬಿಯ ಕರೆಂಟನ್ನು ರಿಲೇಯಿಂದ (ತಾನಾಗಿ ಆನ್-ಆಫ್ ಆಗುವ ಸ್ವಿಚ್) ರಾತ್ರಿಯಿಡೀ ಮತ್ತೆ ಮತ್ತೆ ಕಡಿದು, ಮತ್ತೆ ಕೊಟ್ಟು ನೋಡಿದೆವು. ಪಾಯಿಂಟರ್ ನೋಡುವುದಕ್ಕೂ ಓದುವುದಕ್ಕೂ ನಡುವೆ ಬೇಕೆಂದೇ ಸ್ವಲ್ಪ ತಡ ಸೇರಿಸಿದ ಮೇಲೆ ಪ್ರತಿ ಸಲವೂ ಬಿತ್ತು. ಹೊಸ ಡ್ರೈವರ್ ಮೊದಲು ಓದುವ ಕೆಲಸ ನಿಲ್ಲಿಸುತ್ತದೆ, ಅದು ಪೂರ್ತಿ ಮುಗಿಯುವವರೆಗೆ ಕಾಯುತ್ತದೆ, ಆಮೇಲಷ್ಟೇ ಮಾಹಿತಿ ಅಳಿಸುತ್ತದೆ.

ಸರ್ವಿಸ್ ಹಣ ಹೆಚ್ಚಿಸಿದ್ದು ಈ ತಪ್ಪಿನ ಖರ್ಚು ತೆಗೆಯಲು ಎಂಬ ಮಾತು ಕೇಳಿ ಬೇಜಾರಾಯಿತು. ಹಾಗಲ್ಲ. ಇದನ್ನು ಹುಡುಕಿದ ದಿನಗಳ ಸಂಬಳ ನಾವೇ ಹೊತ್ತಿದ್ದೇವೆ, ಹೊರಬೇಕಾದದ್ದೂ ನಾವೇ. ಲಿನಕ್ಸ್ ಕರ್ನಲ್‌ನ ಒಳಗಿನ ಏರ್ಪಾಡು ಒಂದು ಆವೃತ್ತಿಯಲ್ಲಿದ್ದ ಹಾಗೆ ಮುಂದಿನದರಲ್ಲಿ ಇರುತ್ತದೆ ಎಂಬ ಭರವಸೆ ಇಲ್ಲ. ಕರ್ನಲ್ ಬದಲಾದಾಗಲೆಲ್ಲ ಡ್ರೈವರನ್ನು ಅದಕ್ಕೆ ಹೊಂದುವಂತೆ ಮತ್ತೆ ಕಂಪೈಲ್ ಮಾಡಬೇಕು (ಕೋಡನ್ನು ಕಂಪ್ಯೂಟರ್ ನಡೆಸುವ ರೂಪಕ್ಕೆ ತರಬೇಕು), ನಿಮ್ಮಲ್ಲಿರುವ ಎಲ್ಲ ಮಾದರಿಯ ತೂಕದ ಯಂತ್ರಗಳಿಗೂ ಜೋಡಿಸಿ ನೋಡಬೇಕು. ಸರ್ವಿಸ್ ಹಣ ಹೋಗುವುದು ಇದಕ್ಕೆ. ಸುಮ್ನೆ ಕೂತು ತೆಗೆದುಕೊಂಡಿದ್ದಲ್ಲ.

ಇನ್ನೊಂದು ಮಾತು. ಕರ್ನಲ್‌ನಲ್ಲಿ ಇಂಥ ತಪ್ಪಾದರೆ ಕಂಪ್ಯೂಟರ್ ಮುಂದುವರಿಯದೆ ರೀಸ್ಟಾರ್ಟ್ ಆಗಲಿ ಎಂದು ಇಟ್ಟಿರುವುದು ನಾವೇ. ರೈತರ ಲೆಕ್ಕದಲ್ಲಿ ತಪ್ಪು ತೂಕ ಸೇರಿಬಿಡುವುದಕ್ಕಿಂತ ಸಾಲು ಐದು ನಿಮಿಷ ಕಾಯುವುದು ಮೇಲು ಎಂದು ಈಗಲೂ ನಂಬಿದ್ದೇವೆ. ಅದನ್ನು ಬದಲಾಯಿಸುವುದಿಲ್ಲ.

ನಮ್ಮ ಹುಡುಗರು ಸಂಜೆಯ ಹಾಲು ಮುಗಿದ ಮೇಲೆ ಬರುತ್ತಾರೆ. ಒಂದು ಸಲ ರೀಸ್ಟಾರ್ಟ್ ಮಾಡಿದರೆ ಸಾಕು. ಡಬ್ಬಿಯ ಅಡಾಪ್ಟರನ್ನೂ ಯುಪಿಎಸ್‌ಗೆ ಹಾಕಿ ಕೊಡುತ್ತಾರೆ. ಆಮೇಲೆ ತೂಕ ನಡೆಯುತ್ತಿರುವಾಗಲೇ ನೀವೇ ಡಬ್ಬಿಯ ವೈರ್ ಕಿತ್ತು ಮತ್ತೆ ಹಾಕಿ ನೋಡಿ, ಎಷ್ಟು ಸಲ ಬೇಕಾದರೂ. ಕಂಪ್ಯೂಟರ್ ಬಿದ್ದರೆ ಅವರನ್ನು ಅಲ್ಲಿಂದ ಕಳಿಸಬೇಡಿ, ನನಗೆ ಫೋನ್ ಮಾಡಿ.

ಇತಿ ನಿಮ್ಮವ,
ಡ್ರೈವರ್ ಬರೆದವರ ಪರವಾಗಿ