ವಾಡೆಗಳಿಗೆ ಸಿಮೆಂಟ್ ಬೇಡ, ಸುಣ್ಣದ ಗಾರೆ ಸಾಕು

ಮಾನ್ಯ ಸಂಪಾದಕರೇ,

ಕಿತ್ತೂರು ಉತ್ಸವಕ್ಕೆ ಬಂದವರು ಕೋಟೆ ನೋಡಿ ಅಲ್ಲಿಂದಲೇ ಮರಳುತ್ತಾರೆ. ಸವದತ್ತಿ ಕೋಟೆ, ಶಿರಸಂಗಿ ದೇಸಾಯರ ವಾಡೆ (ಕೋಟೆಯಂಥ ಹಳೆಯ ದೊಡ್ಡ ಮನೆ) ಇವುಗಳನ್ನೂ ನೋಡಬೇಕು. ಯಲ್ಲಮ್ಮನ ಜಾತ್ರೆಯ ಹುಣ್ಣಿಮೆಗಳಲ್ಲಿ ಮಾತ್ರ ಸವದತ್ತಿ ದಾರಿ ಬೇಡ, ಗಾಡಿ ಮುಂದೆ ಸರಿಯದು.

ನಮ್ಮ ಕಳವಳ ಹಳ್ಳಿಗಳ ಖಾಸಗಿ ವಾಡೆಗಳದ್ದು. ಗೋಡೆಯ ಸಂದಿಯಲ್ಲಿ ಅರಳಿ ಸಸಿ ಬೆಳೆದರೆ ಹಿಡಿದು ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಕಳಚುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸಾಯುವ ಔಷಧ ಹಚ್ಚಿ, ಒಣಗಿದ ಮೇಲೆ ಬಿರುಕಿಗೆ ಸುಣ್ಣದ ಗಾರೆ ತುಂಬಿ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಒದ್ದೆ ಗೋಣಿತಟ್ಟು ಹೊದಿಸಿ ವಾರವಾದರೂ ತೇವ ಕಾಯಬೇಕು. ನಮ್ಮ ಬಿಸಿಲಿಗೆ ಬೇಗ ಒಣಗಿದ ಗಾರೆ ಪುಡಿಯಾಗುತ್ತದೆ. ಸಿಮೆಂಟ್ ಮೆತ್ತಿದರೆ ಪಸೆ ಹೊರಬರಲಾರದೆ ಒಳಗಿನ ಇಟ್ಟಿಗೆ, ಮೆದು ಕಲ್ಲು ಉದುರುತ್ತವೆ. ಹೊರಗೆ ಚೆಂದ ಕಾಣುವುದರಿಂದ ಹಾನಿ ತಿಳಿಯುವುದೇ ತಡವಾಗಿ. ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಮಣ್ಣು ಹಾಕಿ ಬಡಿದು, ನೀರು ಹರಿಯುವ ದೋಣಿ ಸ್ವಚ್ಛ ಮಾಡುವುದನ್ನು ಬಿಡಬಾರದು.

ಸಂರಕ್ಷಿತ ಸ್ಮಾರಕಗಳಲ್ಲಿ ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಕಲ್ಲು ಮುಟ್ಟುವಂತಿಲ್ಲ. ಹೆಚ್ಚಿನ ಖಾಸಗಿ ವಾಡೆಗಳಿಗೆ ಅಂಥ ರಕ್ಷಣೆಯಿಲ್ಲ. ಸುಣ್ಣದ ಕೆಲಸ ಬಲ್ಲ ಹಿರಿಯ ಗೌಂಡಿಗಳಿಂದ ಊರ ಯುವಕರಿಗೆ ತರಬೇತಿ ಕೊಡಿಸಲು ಜಿಲ್ಲಾಡಳಿತ ಈ ಬೇಸಿಗೆಯಲ್ಲೇ ಮುಂದಾಗಬೇಕು.

— ಕೋಟೆ-ವಾಡೆ ಆಸಕ್ತರು, ಬೈಲಹೊಂಗಲ