ಅಗಲೀಕರಣದ ಗೆರೆ ಎಳೆಯುವ ಮೊದಲು ದುರ್ಗದ ಬೈಲನ್ನು ನೋಡಿ

ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ ಮಾನ್ಯ ಮಹಾಪೌರರಿಗೆ,

ನಮಸ್ಕಾರಗಳು.

ಹುಬ್ಬಳ್ಳಿಯ ಹಳೆಯ ಪೇಟೆಯ ದುರ್ಗದ ಬೈಲು, ಜವಳಿ ಸಾಲು, ಕಂಚಗಾರ ಗಲ್ಲಿ, ದಾಜಿಬಾನಪೇಟೆಯ ಓಣಿಗಳಲ್ಲಿ ರಸ್ತೆ ಅಗಲೀಕರಣದ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ಪ್ರಶ್ನೆಗಳ ಸುತ್ತ ನಡೆಯುತ್ತದೆ: ಎಷ್ಟು ಅಡಿ ಬಿಡಬೇಕು, ಎಷ್ಟು ಪರಿಹಾರ ಸಿಗುತ್ತದೆ? ಆ ಅಡಿಗಳಲ್ಲಿ ನಿಂತಿರುವುದು ಏನು ಎಂದು ಯಾರೂ ಕೇಳುವುದಿಲ್ಲ. ತಾವಾದರೂ ಕೇಳಬೇಕೆಂದು ವಿನಂತಿಸಲು ಇದನ್ನು ಬರೆಯುತ್ತಿದ್ದೇನೆ.

ಹುಬ್ಬಳ್ಳಿ ಒಂದೇ ಊರಾಗಿ ಬೆಳೆದದ್ದಲ್ಲ. ಭವಾನಿಶಂಕರ ಗುಡಿಯ ಸುತ್ತಲಿನ ರಾಯರ ಹುಬ್ಬಳ್ಳಿ ವಿಜಯನಗರದ ಕಾಲಕ್ಕಾಗಲೇ ಹತ್ತಿ, ಕಬ್ಬಿಣ, ಪೆಟ್ಲುಪ್ಪಿನ (ಸಿಡಿಮದ್ದಿಗೆ ಬಳಸುವ ಉಪ್ಪಿನ) ವ್ಯಾಪಾರಕ್ಕೆ ಹೆಸರಾಗಿತ್ತು. ಮುಂದೆ ಇಂಗ್ಲಿಷರು ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ ಇಟ್ಟಿದ್ದರು. 1673ರಲ್ಲಿ ಮರಾಠಾ ಸೈನ್ಯ ಅದನ್ನು ಲೂಟಿ ಮಾಡಿತು. ಮುಂದೆ ಸವಣೂರು ನವಾಬ ಮಜೀದ್ ಖಾನರ ಆಳ್ವಿಕೆಯಲ್ಲಿ, 1727ರಲ್ಲಿ, ಬಸಪ್ಪ ಶೆಟ್ಟರ ಎಂಬ ವರ್ತಕರು ಕೋಟೆಯ ಬಯಲಿನ, ಅಂದರೆ ಈ ದುರ್ಗದ ಬೈಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ಇದು ಅರಸನ ರಾಜಧಾನಿಯಲ್ಲ, ವರ್ತಕ ಕಟ್ಟಿದ ಪೇಟೆ. ಇಲ್ಲಿ ಅರಮನೆ ಹುಡುಕಿ ನಿರಾಶರಾಗುವವರು ಅಂಗಡಿ ಸಾಲುಗಳನ್ನು ಕಣ್ಣೆತ್ತಿ ನೋಡಬೇಕು. ಎರಡು ಹುಬ್ಬಳ್ಳಿಗಳ ಹಣೆಬರಹವೂ ಬಹುಕಾಲ ಬೇರೆಬೇರೆಯೇ ಆಗಿತ್ತು. ಹಳೆಯದು 1817ರಲ್ಲಿ ಪೇಶ್ವೆಗಳಿಂದ ಬ್ರಿಟಿಷರ ಕೈಸೇರಿತು. ಹೊಸದನ್ನು 47 ಹಳ್ಳಿಗಳ ಸಮೇತ ಸಾಂಗ್ಲಿಯ ಸಂಸ್ಥಾನಿಕರು 1820ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟರು.

1880ರ ದಶಕದಲ್ಲಿ ರೈಲ್ವೆ ಕಾರ್ಯಾಗಾರ ಬಂದು ಊರನ್ನು ಸ್ಟೇಷನ್ ಕಡೆಗೆ ಎಳೆಯಿತು. 1962ರಲ್ಲಿ ಧಾರವಾಡದೊಂದಿಗೆ ಒಂದೇ ಪಾಲಿಕೆಯಾದ ಮೇಲೆ ಬೆಳವಣಿಗೆ ವಿದ್ಯಾನಗರ, ಉಣಕಲ್, ನವನಗರದತ್ತ ಸಾಗಿತು. ಬಸ್ಸುಗಳಿಗೆ ಪ್ರತ್ಯೇಕ ಪಥವಿರುವ ಬಿಆರ್‌ಟಿಎಸ್ ಕೂಡ ಅದೇ ದಾರಿಯಲ್ಲಿ ಬಂತು. ಹಳೆಯ ಪೇಟೆಯ ಪಾಲಿಗೆ ಉಳಿದದ್ದು ಸಗಟು ವ್ಯಾಪಾರ, ಗೂಡ್ಸ್ ಗಾಡಿಗಳ ಇಕ್ಕಟ್ಟು, ತಲೆಯ ಮೇಲೆ ಜೋತಾಡುವ ತಂತಿಗಳು.

ಆ ಇಕ್ಕಟ್ಟಿನ ಹಿಂದೆಯೇ ವಾಡೆಗಳಿವೆ. ಮುಂದೆ ಅಂಗಡಿ, ಹಿಂದೆ ಮನೆ, ಮೇಲೆ ಮಾಳಿಗೆ. ಕಲ್ಲಿನ ಕಟ್ಟೆ, ಕೆತ್ತನೆಯ ಬಾಗಿಲವಾಡ, ಪಡಸಾಲೆಯಲ್ಲಿ ಸಾಗವಾನಿ ಕಂಬಗಳ ಮೇಲೆ ಕೂತ ತೊಲೆಗಳು. ಇಂಥ ಕಟ್ಟಡದ ಭಾರವೆಲ್ಲ ಗೋಡೆ ಮತ್ತು ಕಂಬಗಳ ಜೋಡಣೆಯಲ್ಲಿದೆ. ಮುಂಭಾಗದ ಹತ್ತು ಅಡಿ ಕತ್ತರಿಸಿದರೆ ಹೋಗುವುದು ಹತ್ತು ಅಡಿ ಮಾತ್ರವಲ್ಲ: ತೊಲೆಯ ಒಂದು ತುದಿ ಆಸರೆ ಕಳೆದುಕೊಳ್ಳುತ್ತದೆ, ಉಳಿದದ್ದು ಮಳೆಗಾಲ ತಡೆಯುವುದೇ ಕಷ್ಟ. ಆಮೇಲೆ ಪೂರ್ತಿ ಕೆಡವಿ ಕಾಂಪ್ಲೆಕ್ಸ್ ಕಟ್ಟದೆ ಮಾಲೀಕರಿಗೆ ಬೇರೆ ದಾರಿ ಇರುವುದಿಲ್ಲ. ಅವರನ್ನು ನಾನು ದೂರುವುದಿಲ್ಲ. ಅಣ್ಣತಮ್ಮಂದಿರ ಪಾಲು, ಸಿಗದ ಬಡಿಗರು, ದುರಸ್ತಿಯ ಖರ್ಚು ಎಲ್ಲವನ್ನೂ ಅವರೇ ಹೊತ್ತಿದ್ದಾರೆ. ಪಾರಂಪರಿಕ ಕಟ್ಟಡ ಎಂಬ ಫಲಕ ಹಾಕಿ ಅವರ ಕೈಕಟ್ಟಿ ಕೂರಿಸುವುದು ಅನ್ಯಾಯ.

ಬೈಲಿನ ಬದುಕು ನಡೆದು ಬರುವ ಗಿರಾಕಿಯ ಮೇಲೆ ನಿಂತಿದೆ. ಸಂಜೆ ಮಿರ್ಚಿ, ಗಿರಮಿಟ್ಟಿಗೆ ಸೇರುವ ಜನರಾಗಲಿ, ಮದುವೆ ಜವಳಿಗೆ ಹಳ್ಳಿಗಳಿಂದ ಬರುವ ಕುಟುಂಬಗಳಾಗಲಿ ಅಂಗಡಿಯಿಂದ ಅಂಗಡಿಗೆ ನಡೆದೇ ಹೋಗುತ್ತಾರೆ. ವೇಗವಾಗಿ ದಾಟಿಹೋಗುವ ಕಾರುಗಳಿಂದ ಇವರ ವ್ಯಾಪಾರ ಹೆಚ್ಚುವುದಿಲ್ಲ. ಸರಕು ಇಳಿಸಲು ನಸುಕಿನ ಹೊತ್ತು ನಿಗದಿ ಮಾಡಿ, ಪೇಟೆಯ ಅಂಚಿನಲ್ಲಿ ವಾಹನ ನಿಲುಗಡೆ ಒದಗಿಸಿದರೆ ಅರ್ಧ ಇಕ್ಕಟ್ಟು ಕರಗುತ್ತದೆ ಎಂದು ನಾನು ನಂಬಿದ್ದೇನೆ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡಗಳನ್ನು ಗುರುತಿಸಲು ಅವಕಾಶವಿದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಹುಬ್ಬಳ್ಳಿ ತನ್ನ ಒಡಲನ್ನು ತಾನೇ ನೋಡಿಕೊಳ್ಳಲು ಇದು ಸರಿಯಾದ ಸಮಯ. ಓಣಿ ಓಣಿ ತಿರುಗಿ, ಮಾಲೀಕರನ್ನು ಮಾತನಾಡಿಸಿ, ಹಳೆಯ ಕಟ್ಟಡಗಳ ಪಟ್ಟಿ ಸಿದ್ಧಪಡಿಸಿ. ಉಳಿಸಿಕೊಳ್ಳುವವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ, ದುರಸ್ತಿಗೆ ಬೇಗ ಪರವಾನಗಿ ಕೊಡಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸಿ, ಸಮೀಕ್ಷೆ ಎಂದು ಆರಂಭವಾಗುತ್ತದೆ ಎಂಬುದನ್ನು ನಾಗರಿಕರಿಗೆ ತಿಳಿಸಿ. ಪಟ್ಟಿ ಕೈಗೆ ಬರುವವರೆಗೆ ಈ ಓಣಿಗಳ ಗೋಡೆಗಳ ಮೇಲೆ ಅಗಲೀಕರಣದ ಗುರುತು ಹಾಕಿಸಬೇಡಿ.

ಇಂತಿ ತಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಹಳೆಯ ಪೇಟೆಯ ನಿವಾಸಿ